ಅಕ್ಕನ ಕೋಣೆಯ ಬೀಮು

ಶಕುನ, ಸೂಚನೆ, ಮೊದಲೇ ಮನಸ್ಸಿಗೆ ಹೊಳೆದಿತ್ತು ಎನ್ನುವಂಥ ಮಾತುಗಳನ್ನು ನಾನು ನಂಬಿದವನಲ್ಲ. ಯಾರಾದರೂ ಅಂಥ ಕತೆ ತೆಗೆದರೆ ನಡುವೆ ಬಾಯಿ ಹಾಕಿ ಕೆಡಿಸುವುದು ನನ್ನ ಹಳೆಯ ಚಾಳಿ. ಕಟ್ಟಡದ ಲೆಕ್ಕ ಕಲಿಸುವುದು ನನ್ನ ಕೆಲಸ. ಲೆಕ್ಕ ತಪ್ಪಿದರೆ ತಪ್ಪು ಲೆಕ್ಕದೊಳಗೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ಹುಡುಗರಿಗೆ ಹೇಳುತ್ತ ಬಂದಿದ್ದೇನೆ. ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಒಂದು ತಪ್ಪು ಮಾತ್ರ ನನಗೆ ಸಿಗಲೇ ಇಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಬ್ಬಳ್ಳಿಯಲ್ಲಿದ್ದೆ. ನನ್ನ ಅಕ್ಕ ಸುಶೀಲಾ ಸವಣೂರಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಹಳೆಯ ಮನೆಯ ಪಡಸಾಲೆಯ ತುಂಬ ಕಂಬಗಳು. ಬಟ್ಟೆ ಹಾಸಿ ಕತ್ತರಿಸಲು ಹೋದರೆ ಒಂದಿಲ್ಲೊಂದು ಅಡ್ಡ. ಅದಕ್ಕೆ ಹಿತ್ತಲಲ್ಲಿ ಒಂದು ದೊಡ್ಡ ಕೋಣೆ ಕಟ್ಟಿಸುವಾಗ ನಡುವೆ ಕಂಬ ಬೇಡವೇ ಬೇಡ ಎಂದು ಹಟ ಹಿಡಿದಳು. ಈ ಗೋಡೆಯಿಂದ ಆ ಗೋಡೆಗೆ ಒಂದೇ ಸಿಮೆಂಟಿನ ಬೀಮು. ಅದರ ಲೆಕ್ಕ ಮಾಡಿಕೊಟ್ಟವನು ನಾನೇ. ಕೈಲೆಕ್ಕದ ಪ್ರಕಾರ ಅದು ನಡುವೆ ಜೋಳದ ಕಾಳಿನಷ್ಟೂ ಬಾಗುವಂತಿರಲಿಲ್ಲ.

ಸ್ಲ್ಯಾಬ್ ಹಾಕಿ ಆಗಿತ್ತು. ಕಾಂಕ್ರೀಟು ಬಲಿಯುವವರೆಗೆ ಕೆಳಗೆ ಆಸರೆಗೆ ಕೊಟ್ಟ ಸೆಂಟ್ರಿಂಗ್ ಕಟ್ಟಿಗೆ ತೆಗೆಯಲು ನನ್ನ ಒಪ್ಪಿಗೆಗಾಗಿ ಅಕ್ಕ ಕಾದಿದ್ದಳು. ನಾನು ಅವಳನ್ನು ಕಂಡು ಬಹಳ ದಿನವಾಗಿತ್ತು. ಜಗಳವೇನಿಲ್ಲ. ಹತ್ತಿರದ ಊರು, ಯಾವಾಗ ಬೇಕಾದರೂ ಹೋಗಬಹುದು ಎಂದುಕೊಂಡೇ ಹಬ್ಬಗಳು ದಾಟುತ್ತಿದ್ದವು. ಈ ಸಲವೂ ಒಂದು ಕಾರ್ಡು ಬರೆದು ಮುಗಿಸುವ ಯೋಚನೆಯೇ ಇತ್ತು.

ನಮ್ಮ ಕಾಲೇಜಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಗರ್ಭಗುಡಿಗೆ ಹೋದಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಬೀಮಿನ ಅಳತೆ, ಭಾರ ಕೊಟ್ಟರೆ ಅದು ಎಷ್ಟು ಬಾಗುತ್ತದೆಂದು ಹೇಳುವ ಒಂದು ಪ್ರೋಗ್ರಾಂ ಇತ್ತು. ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಮಿನ ಚಿತ್ರವೂ ಮೂಡುತ್ತಿತ್ತು. ಹೊಸ ಆಟಿಕೆ ಸಿಕ್ಕ ಖುಷಿಯಲ್ಲಿ ಅಕ್ಕನ ಬೀಮನ್ನು ಅದಕ್ಕೆ ಕೊಟ್ಟೆ. ಬಂದ ಉತ್ತರ ನೋಡಿ ನಕ್ಕುಬಿಟ್ಟೆ. ಬೀಮು ಆಳುದ್ದ ಜಗ್ಗಿ, ಹೆಚ್ಚುಕಡಿಮೆ ನೆಲ ಮುಟ್ಟಿತ್ತು.

ಇಂಥ ಹುಚ್ಚು ಉತ್ತರಕ್ಕೆ ಕಾರಣಗಳು ಎಲ್ಲರಿಗೂ ಗೊತ್ತಿದ್ದವೇ. ಮೀಟರ್ ಇರಬೇಕಾದಲ್ಲಿ ಮಿಲಿಮೀಟರ್ ಹೋಗಿರುತ್ತದೆ. ಕಾಂಕ್ರೀಟಿನ ಗಡಸುತನದ ಅಂಕಿಗೆ ಸೊನ್ನೆ ಕಡಿಮೆ ಬಿದ್ದಿರುತ್ತದೆ. ಇಲ್ಲವೇ ಒಂದು ತುದಿಗೆ ಆಸರೆ ಕೊಡಲು ಮರೆತಿರುತ್ತೇವೆ. ಒಂದೊಂದನ್ನೂ ನೋಡಿದೆ. ಎಲ್ಲ ಸರಿಯಿತ್ತು. ಪುಸ್ತಕದ ಒಂದು ಉದಾಹರಣೆ ಕೊಟ್ಟೆ, ಉತ್ತರ ತಪ್ಪದೆ ಬಂತು. ಮತ್ತೆ ಅಕ್ಕನ ಬೀಮು ಕೊಟ್ಟೆ, ಅದೇ ಜಗ್ಗು. ಕೊನೆಗೆ ಸುಳ್ಳೇ ನಡುವೆ ಒಂದು ಕಂಬ ನಿಲ್ಲಿಸಿದೆ. ಆಗಲೂ ಅದು ಕಂಬವೇ ಇಲ್ಲದಂತೆ ಕೆಳಗಿಳಿಯಿತು.

ಪಕ್ಕದಲ್ಲಿದ್ದ ಸಹೋದ್ಯೋಗಿ ಬಸವರಾಜ ನನ್ನ ಕೈಲೆಕ್ಕ ತಿರುವಿ ನೋಡಿ, ಅದು ಬರೋಬ್ಬರಿ ಇದೆ, ಮಷೀನಿನ ಮಾತು ಕಟ್ಟಿಕೊಂಡು ಕೂರಬೇಡಿ ಎಂದ. ನನಗೂ ಅದು ಗೊತ್ತಿತ್ತು. ಆದರೂ ಕಟ್ಟಿಗೆ ತೆಗೆಯಿರಿ ಎಂದು ಬರೆಯಲು ಕೈ ಬರಲಿಲ್ಲ. ನನ್ನನ್ನು ನಾನೇ ಬೈದುಕೊಳ್ಳುತ್ತ ಮರುದಿನ ಬೆಳಿಗ್ಗೆ ಶಿಗ್ಗಾಂವಿಯ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸವಣೂರು ಸೇರಿದೆ.

ಅಕ್ಕ ಬಾಗಿಲಲ್ಲಿ ನನ್ನನ್ನು ಕಂಡವಳೇ ಕೈಯ ಚೀಲ ಕಿತ್ತುಕೊಂಡು ಒಳಗೆ ನಡೆದಳು. ಆಮೇಲೆ ಬೈಗುಳ, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಒಟ್ಟಿಗೇ ಬಂದವು. ಊಟವಾದ ಮೇಲೆ ಬೀಮಿನ ಕೆಳಗೆ ದಾರ ಎಳೆದು ನೋಡಿದೆ. ಕೂದಲೆಳೆಯಷ್ಟೂ ಬಾಗಿರಲಿಲ್ಲ. ಮಿಸ್ತ್ರಿಯನ್ನು ಕರೆಸಿ ನನ್ನೆದುರೇ ಕಟ್ಟಿಗೆ ತೆಗೆಸಿದೆ, ಮತ್ತೆ ದಾರ ಹಿಡಿದೆ. ಬೀಮು ಗಟ್ಟಿಯಾಗಿ ನಿಂತಿತ್ತು. ಅಕ್ಕ ಬರಿಗಾಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ಸುಮ್ಮನೆ ಓಡಾಡಿದಳು. ಅಷ್ಟು ಸಂತೋಷವಾಗಿದ್ದ ಅವಳನ್ನು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ.

ಸಂಜೆ ಬಸ್ಸಿನವರೆಗೂ ನನ್ನ ಜೊತೆ ಬಂದಳು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಖಾರದ ಪೊಟ್ಟಣವನ್ನು ನನ್ನ ಕೈಗಿಟ್ಟು ಕೇಳಿದಳು:

“ಖರೇ ಹೇಳು, ಬೀಮ್ ನೋಡಾಕ ಬಂದಿದ್ಯೋ, ನನ್ನ ನೋಡಾಕ ಬಂದಿದ್ಯೋ?”

“ಬೀಮ್ ನೋಡಾಕ ಬಂದೇನಿ ಅಕ್ಕ. ನಿನಗೇನ ಆಗೇತಿ ಅಂತ ನೋಡಾಕ ಬರ್ಲಿ?”

“ಇರ್ಲಿ ಬಿಡು. ಬಂದೆಲ್ಲ, ಅಷ್ಟ ಸಾಕು,” ಎಂದು ನಕ್ಕಳು.

ಆ ವಾರ ಮುಗಿಯುವುದರೊಳಗೆ ತಂತಿ ಬಂತು. ಹೊಸ ಕೋಣೆಯಲ್ಲಿ ಬಟ್ಟೆ ಹಾಸಿ ಕತ್ತರಿ ಹಿಡಿದು ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಎದೆಯಲ್ಲಿ ಮೊದಲಿನಿಂದಲೂ ದೋಷವಿದ್ದಿರಬೇಕು ಎಂದರು ಡಾಕ್ಟರು. ನಮಗಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ನಾನು ಹೋಗುವ ಹೊತ್ತಿಗೆ, ಹೆಚ್ಚು ಜನ ಕೂರಲು ಜಾಗವಿದೆಯೆಂದು ಅವಳನ್ನು ಅದೇ ಕೋಣೆಯಲ್ಲಿ ಮಲಗಿಸಿದ್ದರು. ಅವಳ ಕೈಯಲ್ಲಿ ಕಲಿತ ಹುಡುಗಿಯರು ಗೋಡೆಯುದ್ದಕ್ಕೂ ಕೂತು ಅಳುತ್ತಿದ್ದರು. ನನಗೆ ಅವಳ ಮುಖ ನೋಡಲಾಗಲಿಲ್ಲ. ತಲೆಯೆತ್ತಿ ಬೀಮನ್ನೇ ನೋಡುತ್ತ ನಿಂತೆ.

ಹುಬ್ಬಳ್ಳಿಗೆ ಮರಳಿ, ಎದೆ ಗಟ್ಟಿ ಮಾಡಿಕೊಂಡು, ಅಂದಿನ ಅಂಕಿಗಳನ್ನು ಉಳಿಸಿಟ್ಟಿದ್ದ ಫ್ಲಾಪಿ ಹಾಕಿ, ಒಂದು ಅಂಕಿಯನ್ನೂ ಮುಟ್ಟದೆ ಮತ್ತೆ ಉತ್ತರ ತೆಗೆಸಿದೆ. ಜೋಳದ ಕಾಳಿಗಿಂತ ಕಡಿಮೆ ಎಂದಿತು. ಆ ದಿನ ಕರೆಂಟು ಏರಿಳಿದಿರಬೇಕು ಎಂದ ಬಸವರಾಜ. ಹಾಗಾದರೆ ಪುಸ್ತಕದ ಉದಾಹರಣೆ ಹೇಗೆ ಸರಿ ಬಂತು ಎಂದು ಕೇಳಿದೆ. ಅವನು ಫ್ಲಾಪಿ ಹೊರತೆಗೆದು ನನ್ನ ಕೈಗಿಟ್ಟ.

ಕಾಗದದ ಮೇಲೆ ಆ ಬೀಮು ಜಗ್ಗದಿದ್ದರೆ ನಾನು ಕಾರ್ಡು ಬರೆದು ಸುಮ್ಮನಿರುತ್ತಿದ್ದೆ. ಅವಳನ್ನು ಜೀವಂತವಾಗಿ ಇನ್ನೊಮ್ಮೆ ನೋಡುತ್ತಿರಲಿಲ್ಲ. ಅದನ್ನು ಜಗ್ಗಿಸಿದ್ದು ಏನು, ನನಗೆ ತಿಳಿಯದು. ತಿಳಿದವರು ಹೇಳಿದರೆ ಈಗ ಬಾಯಿ ಹಾಕದೆ ಕೇಳುತ್ತೇನೆ. ನನಗೆ ತಡೆಯಲಾಗದ್ದು ಬೇರೆಯೇ ಇದೆ. ಬಸ್ಸಿನ ಬಳಿ ನಿಂತು ಅವಳು ಅಷ್ಟು ಕೇಳಿದಾಗ, ನಿನ್ನನ್ನೇ ನೋಡಲು ಬಂದೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಈಗ ಅನಿಸುತ್ತದೆ, ಅದು ಸುಳ್ಳೂ ಆಗುತ್ತಿರಲಿಲ್ಲವೇನೋ.