ರಾಮೋನ್ ಹೇಳದೆ ಬಿಟ್ಟ ಸಾಧನೆ

ಸಂಜೆ ನಾಲ್ಕಕ್ಕೆ ಪೈಪ್ ಹಿಡಿದು ಬೇಸ್‌ಬಾಲ್ ಮೈದಾನದ ಕೆಂಪು ಮಣ್ಣಿಗೆ ನೀರು ಬಿಡುವಾಗ ಒಂದು ವಾಸನೆ ಏಳುತ್ತದೆ. ಸೌದಿಯ ದಹ್ರಾನಿನ ಬಿಸಿಲಲ್ಲಿ ಇಡೀ ದಿನ ಕಾದ ಮಣ್ಣಿನ ವಾಸನೆ. ಅದಕ್ಕೆ ಊರನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ವಯಸ್ಸು ನನಗೆ ದಾಟಿತು. ನನಗೆ ನೆನಪಾಗುವುದು ರಾಮೋನ್.

ಇಲ್ಲಿನ ಎಣ್ಣೆ ಕಂಪೆನಿಯ ಕ್ಯಾಂಪಿನಲ್ಲಿ ಮೈದಾನಗಳನ್ನು ನೋಡಿಕೊಳ್ಳುವವ ನಾನು. ಉಡುಪಿಯ ಕಾಲೇಜೊಂದರಲ್ಲಿ ಕ್ರಿಕೆಟ್ ಪಿಚ್ ಮಾಡುತ್ತಿದ್ದೆ ಎಂಬುದೇ ನನ್ನ ಅರ್ಹತೆ. ಅದರ ಜಂಭ ಮಾತ್ರ ಲಾರಿಗಟ್ಟಲೆ ಇತ್ತು. ಹುಲ್ಲು ಒಣಗಿದರೆ ಬಿಸಿಲಿನ ತಪ್ಪು, ನೀರು ಬಾರದಿದ್ದರೆ ಪಂಪಿನ ತಪ್ಪು. ನನ್ನದೆಂದು ಒಪ್ಪಿಕೊಂಡ ಒಂದೇ ಒಂದು ತಪ್ಪೂ ನನಗೆ ನೆನಪಿಲ್ಲ.

ರಾಮೋನ್ ಯಾವುದೋ ದ್ವೀಪದೇಶದಿಂದ ಬಂದು ಕ್ಯಾಂಪಿನ ಮಕ್ಕಳಿಗೆ ಬೇಸ್‌ಬಾಲ್ ಕಲಿಸುತ್ತಿದ್ದರು. ಒಂದು ಕಾಲದಲ್ಲಿ ಸಂಬಳಕ್ಕೆ ಆಡಿದ ಶಾರ್ಟ್‌ಸ್ಟಾಪ್. ಶಾರ್ಟ್‌ಸ್ಟಾಪ್ ಅಂದರೆ ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುವವ. ಚೆಂಡು ಹೆಚ್ಚಾಗಿ ಅವನ ಕಡೆಗೇ ಸಿಡಿಯುತ್ತದೆ. ಹಿಡಿದು, ತಿರುಗಿ, ಎಸೆಯುವಷ್ಟರಲ್ಲಿ ನಾವು ನೀವು ರೆಪ್ಪೆಯನ್ನೂ ಬಡಿದಿರುವುದಿಲ್ಲ.

ತಮ್ಮ ಸಾಧನೆಗಳನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವೇ ಇರಲಿಲ್ಲ. ಹದಿನೇಳನೆಯ ವಯಸ್ಸಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದು, ವರ್ಷದ ಅತ್ಯುತ್ತಮ ಕ್ಷೇತ್ರರಕ್ಷಕನೆಂದು ಎರಡು ಸಲ ಬಹುಮಾನ ಪಡೆದದ್ದು, ಬೆರಳು ಮುರಿದುಕೊಂಡೇ ಫೈನಲ್ ಮುಗಿಸಿದ್ದು, ಎಲ್ಲವೂ ನಮಗೆ ಬಾಯಿಪಾಠವಾಗಿತ್ತು. ಮಿಕ್ಕ ಸಂಗತಿಗಳೂ ಗೊತ್ತಿದ್ದವು. ಪ್ರತಿ ಆಟಕ್ಕೂ ಮೊದಲು ಬೇಯಿಸಿದ ಬಾಳೆಕಾಯಿ ತಿನ್ನುತ್ತಿದ್ದರಂತೆ. ಕೈಗವಸಿಗೆ ಅಜ್ಜಿಯ ಹೆಸರಿಟ್ಟಿದ್ದರಂತೆ. ಅಂಥ ಧೀರರು ಬೆಕ್ಕು ಕಂಡರೆ ಮಾತ್ರ ಹೆದರಿ ಬೆಂಚು ಹತ್ತುತ್ತಿದ್ದರು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಒಂದು ಚಳಿಗಾಲ ಅವರ ಮಗಳು ಲೂಸಿಯಾ ಹತ್ತು ದಿನಕ್ಕೆಂದು ಬಂದಳು. ತಾಯಿಯ ಬಳಿ ದೂರದಲ್ಲಿ ಬೆಳೆದ ಹುಡುಗಿ. ಅಪ್ಪನ ಸಾಧನೆಗಳನ್ನೆಲ್ಲ ಫೋನಿನಲ್ಲಿ ಕೇಳಿದ್ದಳು, ಆಡಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಅವಳಿಗಾಗಿಯೇ ಕ್ಯಾಂಪಿನವರು ಶುಕ್ರವಾರ ಒಂದು ಆಟ ಇಟ್ಟರು.

"ಈ ಮೊಣಕಾಲಿನಲ್ಲಿ ಇನ್ನೊಂದೇ ಆಟ ಉಳಿದಿದೆ. ಅದನ್ನು ಅವಳು ನೋಡಬೇಕು" ಎಂದರು ರಾಮೋನ್.

ನನಗೆ ಹುರುಪು ಬಂತು. ಮಣ್ಣನ್ನು ದಿನಾ ಕೆರೆದು, ಮೇಲೆ ಸಡಿಲವಾಗಿ, ತೇವವಾಗಿ ಇಡಬೇಕೆಂದು ಅವರು ಎಷ್ಟೋ ಸಲ ಹೇಳಿದ್ದರು. ದೊಡ್ಡ ಆಟಕ್ಕೆ ಅಷ್ಟು ಸಾಕೇ? ನಾನು ಕ್ರಿಕೆಟ್ ಮೈದಾನದಿಂದ ರೋಲರ್ ತರಿಸಿ ಎರಡು ದಿನ ಒಬ್ಬನೇ ಎಳೆದೆ. ನೀರು ಕುಡಿಸಿ, ಒಣಗಿಸಿ, ಮತ್ತೆ ಎಳೆದೆ. ಮಣ್ಣು ಕಡಪ ಕಲ್ಲಿನ ಹಾಗೆ ಮಿರಮಿರ ಮಿಂಚಿತು. ಶುಕ್ರವಾರ ರಾಮೋನ್ ಬೇಗನೆ ಬಂದಾಗ ಗೃಹಪ್ರವೇಶದ ಯಜಮಾನನಂತೆ ಎದುರಿಗೆ ನಿಂತು "ಹೇಗಿದೆ?" ಎಂದು ಕೇಳಿದೆ. ಅವರು ಬೂಟಿನ ಮೊಳೆಯಿಂದ ನೆಲವನ್ನು ಒಮ್ಮೆ ಒತ್ತಿದರು. ನನ್ನ ಮುಖ ನೋಡಿದರು.

"ತುಂಬಾ ಚೆನ್ನಾಗಿದೆ" ಎಂದರು.

ಆಟ ಶುರುವಾಯಿತು. ಮೊದಲ ಚೆಂಡೇ ಅವರ ಕಡೆಗೆ ಹೋಯಿತು. ನೆಲಕ್ಕೆ ಬಿದ್ದದ್ದೇ ತಡ, ಗುಂಡಿನ ಹಾಗೆ ನುಗ್ಗಿ ಅವರ ಕಾಲುಗಳ ನಡುವೆ ತೂರಿಕೊಂಡು ಹೋಯಿತು. ಬೆಂಚಿನಲ್ಲಿದ್ದ ಲೂಸಿಯಾ ಮುಖ ತಗ್ಗಿಸಿದಳು. ಬೇಸ್‌ಬಾಲಿನಲ್ಲಿ ಕೈಬಿಟ್ಟವನ ತಪ್ಪನ್ನೂ ಅವನ ಹೆಸರಿಗೆ ಬರೆದಿಡುತ್ತಾರೆ. ಸ್ಕೋರ್ ಬರೆಯುತ್ತಿದ್ದ ನಮ್ಮ ಮಂಗಳೂರಿನ ಫೆಲಿಕ್ಸ್, ಚೆಂಡು ವೇಗವಾಗಿತ್ತೆಂದು ಬರೆದು ಅವರನ್ನು ಉಳಿಸಲು ಹೊರಟಿದ್ದ. ರಾಮೋನ್ ಅಲ್ಲಿಂದಲೇ ಕೈ ಎತ್ತಿ ತಮ್ಮ ಎದೆ ಮುಟ್ಟಿ ತೋರಿಸಿದರು. ತಪ್ಪು ನನ್ನದು, ಹಾಗೆಯೇ ಬರೆ ಎಂದು.

ಫೆಲಿಕ್ಸ್ ಬರೆದು ನನ್ನ ಕಡೆ ತಿರುಗಿದ. "ಎಂತ ಮಾರಾಯ ಇದು, ಗ್ರೌಂಡಾ, ಡಾಂಬರು ರಸ್ತೆಯಾ? ಅವರು ಹಿಡಿಯುವುದು ಹೇಗೆ?"

ಆಗ ನನಗೆ ಹೊಳೆಯಿತು. ಗಟ್ಟಿ ನೆಲದಲ್ಲಿ ಚೆಂಡಿನ ವೇಗ ತಗ್ಗುವುದೇ ಇಲ್ಲ, ಮಣ್ಣನ್ನು ಸಡಿಲವಾಗಿಡಲು ಅವರು ಹೇಳುತ್ತಿದ್ದದ್ದು ಅದಕ್ಕೇ.

ಮುಂದಿನ ಚೆಂಡು ಎಡಕ್ಕೆ, ದೂರಕ್ಕೆ ಹೋಯಿತು. ರಾಮೋನ್ ಆ ಗಟ್ಟಿ ನೆಲದ ಮೇಲೆ ಉದ್ದಕ್ಕೆ ಬಿದ್ದರು, ಚೆಂಡು ಹಿಡಿದರು, ಮಂಡಿಯೂರಿಯೇ ಎಸೆದರು. ಔಟ್! ಲೂಸಿಯಾ ಬೆಂಚಿನ ಮೇಲೆ ಹತ್ತಿ ಎರಡೂ ಕೈ ತಲೆಯ ಮೇಲೆ ಹೊತ್ತು ಕಿರುಚಿದಳು. ನನ್ನ ಮೈಯೆಲ್ಲ ಜುಮ್ಮೆಂದಿತು. ಮನುಷ್ಯಮಾತ್ರದವನು ಇದನ್ನು ಮಾಡಬಲ್ಲ ಎಂದು ನಾನು ತಿಳಿದಿರಲಿಲ್ಲ. ಆದರೆ ಅವರಿಗೆ ಏಳಲಾಗಲಿಲ್ಲ. ಇಬ್ಬರು ಎತ್ತಿಕೊಂಡು ಹೋದರು. ಮಗಳು ನೋಡಿದ ಆಟ ಅಷ್ಟೇ.

ಮರುದಿನ ಹೋದಾಗ ಅವರು ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡು ಕುಳಿತಿದ್ದರು.

"ರೋಲರ್ ಎಳೆದದ್ದು ನಾನು. ತಪ್ಪು ನನ್ನದು" ಎಂದೆ.

"ಗೊತ್ತು. ಬೂಟಿನ ಮೊಳೆ ನೆಲಕ್ಕೆ ಇಳಿಯಲೇ ಇಲ್ಲವಲ್ಲ."

"ಹಾಗಾದರೆ ಕೆರೆಸಬಹುದಿತ್ತಲ್ಲ? ಒಂದು ಗಂಟೆಯ ಕೆಲಸ."

"ನೀನು ಎರಡು ದಿನ ಬಿಸಿಲಲ್ಲಿ ಒಬ್ಬನೇ ಎಳೆಯುವುದನ್ನು ಕಿಟಕಿಯಿಂದ ನೋಡಿದ್ದೆ. ಅದನ್ನು ಎಲ್ಲರೆದುರು ಕೆರೆದು ಹಾಕು ಎಂದು ಹೇಗೆ ಹೇಳಲಿ, ಗೆಳೆಯಾ?"

ಬದುಕಿನಲ್ಲಿ ಉಳಿದಿದ್ದ ಒಂದೇ ಒಂದು ಆಟವನ್ನು ಆ ಮನುಷ್ಯ ನನ್ನ ಜಂಭ ಮುರಿಯದಿರಲೆಂದು ಕಲ್ಲಿನಂಥ ನೆಲದ ಮೇಲೆ ಆಡಿಬಿಟ್ಟಿದ್ದರು.

ಲೂಸಿಯಾಳನ್ನು ದಮ್ಮಾಮಿನ ಏರ್‌ಪೋರ್ಟಿಗೆ ಬಿಟ್ಟವನು ನಾನೇ. ದಾರಿಯಲ್ಲಿ ಎಲ್ಲ ಹೇಳಿದೆ. ಅವಳು, "ಅಪ್ಪ ತನ್ನ ಆಟದ ಬಗ್ಗೆ ನನಗೆ ಹೇಳದೆ ಬಿಟ್ಟದ್ದು ಇದೊಂದೇ" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ರಾಮೋನ್ ಊರಿಗೆ ಹೋಗಿ ಕೆಲವು ವರ್ಷಗಳಾದವು. ಈಗಿನ ಮಕ್ಕಳು ಫೋನಿನಲ್ಲಿ ಅವರ ಹೆಸರು ಹುಡುಕಿ ನನಗೆ ಓದಿ ಹೇಳುತ್ತಾರೆ: ಇಷ್ಟು ವರ್ಷ ಆಡಿದರು, ಇಂತಿಂಥ ಬಹುಮಾನ ಬಂತು, ಬೆಕ್ಕೆಂದರೆ ಭಯ. ನಾನು ಪೈಪನ್ನು ಕೆಳಗಿಟ್ಟು, ಅದರಲ್ಲಿ ಒಂದು ಬಿಟ್ಟುಹೋಗಿದೆ ಎನ್ನುತ್ತೇನೆ. ಮೊದಲಿನಿಂದ ಹೇಳುತ್ತೇನೆ. ರೋಲರ್ ಎಳೆದವರು ಯಾರೆಂದು ಮಕ್ಕಳು ಕೇಳುವ ತನಕ ಕಾಯುವುದಿಲ್ಲ.