ಕಾಳ್ಯಾ ಮೆಚ್ಚಿದ ಚಿತ್ರಪುಸ್ತಕ

ಅರವತ್ತು ದಾಟಿದ ಮೇಲೂ ನಾನು ಮಕ್ಕಳ ಚಿತ್ರಪುಸ್ತಕಗಳನ್ನು ಕೊಳ್ಳುತ್ತೇನೆ. ಗೋಕಾಕದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನ ಕೈಯಲ್ಲಿ ದಪ್ಪನೆಯ ಗ್ರಂಥವೊಂದಿದ್ದರೆ ನೋಡುವವರಿಗೂ ಸಮಾಧಾನ. ನನ್ನ ಕೈ ಮಾತ್ರ ಮರ ನಡೆಯುವ, ಎಮ್ಮೆ ಹಾರುವ ಪುಸ್ತಕಗಳ ಕಡೆಗೇ ಹೋಗುತ್ತದೆ. ಅಂಗಡಿಯವನು ಕೇಳಿದರೆ ಮೊಮ್ಮಕ್ಕಳಿಗೆ ಎನ್ನುತ್ತೇನೆ. ನನಗೆ ಮೊಮ್ಮಕ್ಕಳಿಲ್ಲ.

"ಈ ವಯಸ್ಸಿನ್ಯಾಗ ಮಂದಿ ಪುರಾಣ ಓದ್ತಾರ. ನೀವು ಗೊಂಬಿ ನೋಡ್ಕೋತ ಕುಂದರ್ರಿ" ಎನ್ನುತ್ತಾಳೆ ಹೆಂಡತಿ ಶಾಂತಾ. ಅವಳು ಹೇಳುವುದು ಖರೆ. ನೋಡುತ್ತ ಕೂರುತ್ತೇನೆ.

ನನ್ನ ಈ ಚಟ ಗೊತ್ತಿರುವ ಗೆಳೆಯರು ತಮ್ಮ ಮೊಮ್ಮಕ್ಕಳಿಗೆ ಯಾವ ಪುಸ್ತಕ ಕೊಡಿಸಬೇಕೆಂದು ಕೇಳುತ್ತಾರೆ. ನಾನು ನಮ್ಮ ನಾಯಿ ಕಾಳ್ಯಾನ ಅಭಿಪ್ರಾಯವನ್ನೇ ಹೇಳುತ್ತೇನೆ. ಅವರು ನಗುತ್ತಾರೆ. ನಗಲಿ.

ಕಾಳ್ಯಾನನ್ನು ನನಗೆ ಕೊಟ್ಟವನು ತುಕ್ಕಾನಟ್ಟಿಯ ಕುರಿಗಾರ ಲಗಮಪ್ಪ. ಘಟಪ್ರಭಾದ ನಮ್ಮ ಮನೆಯ ಬಾಗಿಲಿಗೆ ಬಂದು, ಮರಿಯನ್ನು ಕಂಬಳಿಯಿಂದ ಇಳಿಸಿ, "ಸರ, ಇದು ಕುರಿ ಕಾಯೂ ನಾಯಿ ಅಲ್ರಿ. ತ್ವಾಳ ಬಂದ್ರೂ ಮುಗಿಲ ನೋಡ್ಕೋತ ಕುಂದರತೈತಿ. ನೀವು ಓದಿದವ್ರು, ನಿಮ್ಮ ಮನ್ಯಾಗ ಇರಲಿ" ಎಂದ. ಇದರಲ್ಲಿ ನಾಯಿಯ ನಿಂದೆ ಎಷ್ಟು, ನನ್ನದೆಷ್ಟು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಹೋದ ಬೇಸಿಗೆ ರಜೆಗೆ ಹುಕ್ಕೇರಿಯಿಂದ ಕೊನೆಯ ತಂಗಿ ಸುಜಾತಾ ತನ್ನ ಮಗಳು ರೇಣುವನ್ನು ಕರೆತಂದಳು. ನಾಲ್ಕನೇ ಇಯತ್ತೆಯ ಹುಡುಗಿ. ಮಾತಿನಲ್ಲಿ ಮೊದಲಿನಿಂದಲೂ ಸಣ್ಣ ತೊದಲು. 'ಕ' ಬಂದಲ್ಲಿ ಹಲವು ಸಲ ನಾಲಗೆ ಸಿಕ್ಕಿಕೊಳ್ಳುತ್ತಿತ್ತು. ಶಾಲೆಯಲ್ಲಿ ಗಟ್ಟಿಯಾಗಿ ಓದುವಾಗ ಒಂದು ದಿನ ಹಾಗೆ ಸಿಕ್ಕಿಕೊಂಡು, ತರಗತಿಯೆಲ್ಲ ನಕ್ಕಿತ್ತು. ಅಂದಿನಿಂದ ಹುಡುಗಿ ಪುಸ್ತಕ ತೆರೆಯುವುದನ್ನೇ ಬಿಟ್ಟಿದ್ದಳು. ಪರವೂರಿನವರೆದುರು ಬಾಯಿಯನ್ನೂ ತೆರೆಯುತ್ತಿರಲಿಲ್ಲ. ತಾಯಿ ಮಮತೆಯಿಂದ ಅವಳ ಅರ್ಧ ಮಾತುಗಳನ್ನೆಲ್ಲ ತಾನೇ ಮುಗಿಸಿಕೊಡುತ್ತಿದ್ದಳು.

"ಅಣ್ಣಾ, ಇಷ್ಟ ಮಕ್ಕಳಿಗೆ ಕಲಿಸೀದಿ. ಇಕಿಗೂ ಏನರ ಮಾಡು" ಎಂದು ಹೇಳಿ ಸುಜಾತಾ ಮಗಳನ್ನು ನಮ್ಮಲ್ಲಿ ಬಿಟ್ಟು ಸಂಜೆಯ ಬಸ್ಸು ಹಿಡಿದಳು.

ನಾನು ಕಪಾಟು ತೆರೆದೆ. ಹುಲಿಗೊಂದು ದನಿ, ಇಲಿಗೊಂದು ದನಿ ಮಾಡಿ ಪಡಸಾಲೆಯಲ್ಲಿ ಓದಿದೆ. ರೇಣು ಮರ್ಯಾದೆಗೆ ಸ್ವಲ್ಪ ಹೊತ್ತು ಕೂತು, ಎದ್ದು ಹಿತ್ತಲಿಗೆ ಹೋದಳು. ಉಳಿದವನು ಕಾಳ್ಯಾ. ಅವನ ರುಚಿಯನ್ನು ನಾನು ಗಮನಿಸಿದ್ದು ಆಗಲೇ. ಗುಂಡಿ ಒತ್ತಿದರೆ ಕೂಗುವ ಪುಸ್ತಕಕ್ಕೆ ಅವನು ಒಮ್ಮೆ ಬೊಗಳಿ ದೂರ ಹೋದ. ಕೊನೆಯ ಪುಟದಲ್ಲಿ ನೀತಿಯಿದ್ದ ಪುಸ್ತಕ ಬಂದರೆ, ನೀತಿ ಶುರುವಾಗುವ ಮೊದಲೇ ಎದ್ದು ಮೈ ಕೊಡವುತ್ತಿದ್ದ. ಬಹುಶಃ ನನ್ನ ದನಿ ಅಲ್ಲಿ ಮಾಸ್ತರನದಾಗುತ್ತಿತ್ತು. ಬಾವಿಗೆ ಬಿಟ್ಟ ಕೊಡ ಚಂದ್ರನನ್ನು ತುಂಬಿಕೊಂಡು ಬರುವ ಕಥೆಗೆ ಮಾತ್ರ ತಲೆ ಓರೆ ಮಾಡಿ ಕೂತ.

ಮೂರು ನಾಲ್ಕು ದಿನ ಕಳೆದಿರಬೇಕು. ಮಧ್ಯಾಹ್ನ ಹಿತ್ತಲಿನಿಂದ ಸಣ್ಣ ದನಿ ಕೇಳಿತು. ಬೇವಿನ ಮರದ ಕೆಳಗೆ ರೇಣು ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ಕಾಳ್ಯಾ ಪುಟದ ಮೇಲೆಯೇ ಗದ್ದವೂರಿದ್ದ. ಅದು ಅಕ್ಷರವೇ ಇಲ್ಲದ ಪುಸ್ತಕ. ಅಜ್ಜಿಯ ಕಂಬಳಿಯಿಂದ ಹುಡುಗಿಯೊಬ್ಬಳು ಎಳೆಯೊಂದನ್ನು ಜಗ್ಗುತ್ತಾಳೆ. ಪುಟ ತಿರುವಿದಂತೆ ಆ ಎಳೆ ಹೊಳೆಯಾಗುತ್ತದೆ, ದಾರಿಯಾಗುತ್ತದೆ, ಬೆಟ್ಟ ಹತ್ತುತ್ತದೆ. ಓದಲು ಏನೂ ಇಲ್ಲವಾದ್ದರಿಂದ ತಪ್ಪು ಓದುವ ಭಯವೂ ಇಲ್ಲ.

"ಇದು ಹೊಳಿ ಅಲ್ಲೋ ಹುಚ್ಚಾ. ಇದು ಕ… ಕ… ಕಂಬಳಿ ಅಳಾಕತ್ತೈತಿ. ಅಕಿ ಬಿಟ್ಟು ಹೊಂಟಾಳಲ್ಲ, ಅದಕ್ಕ" ಎನ್ನುತ್ತಿದ್ದಳು ರೇಣು.

ಆ ಪುಸ್ತಕವನ್ನು ನಾನು ಎಷ್ಟೋ ಸಲ ನೋಡಿದ್ದೆ. ಕಂಬಳಿ ಅಳುತ್ತಿರುವುದು ನನಗೆ ಕಂಡಿರಲಿಲ್ಲ.

ನಮ್ಮ ಕಡೆ ಕಥೆ ಹೇಳಬೇಕಾದರೆ ಎದುರಿಗೆ ಹೂಂಗುಟ್ಟುವವರು ಬೇಕು. 'ಹೂಂ' ನಿಂತರೆ ನನ್ನ ಅಜ್ಜಿ ರಾಜಕುಮಾರನನ್ನು ಕಾಡಿನ ನಡುವೆಯೇ ಬಿಟ್ಟು ಮಲಗಿಬಿಡುತ್ತಿದ್ದಳು. ನಮ್ಮ ಕಾವ್ಯಮೀಮಾಂಸಕರು ಸಹೃದಯ ಎಂದರೆ ಯಾರು ಎಂದು ಪುಟಗಟ್ಟಲೆ ಬರೆದರು. ನಾನೂ ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೆ. ಸಹೃದಯ ನನ್ನ ಹಿತ್ತಲಲ್ಲಿ ಬಾಲ ಮಡಚಿ ಕೂತಿದ್ದ. ಅವನಿಗೆ ಹೂಂ ಎನ್ನಲು ಬಾರದು. ಆದರೆ ಮಾತು ಸಿಕ್ಕಿಕೊಂಡಲ್ಲಿ ಅದನ್ನು ಮುಗಿಸಿಕೊಡಲೂ ಹೋಗುತ್ತಿರಲಿಲ್ಲ.

ರಜೆ ಮುಗಿಯುವ ವಾರ ಕಾಳ್ಯಾ ಕಾಣೆಯಾದ. ಬೆಳಿಗ್ಗೆ ಕುರಿಹಿಂಡೊಂದು ನಮ್ಮ ಓಣಿಯಿಂದ ಹಾದುಹೋಗಿತ್ತು. ಹಳೆಯ ವಾಸನೆ ಎಳೆದಿರಬೇಕು. ರೇಣು ಊಟ ಬಿಟ್ಟಳು. ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಹಿಂಡು ಕೊಣ್ಣೂರಿನ ಹತ್ತಿರ, ಕಬ್ಬು ಕಟಾವಾದ ಹೊಲವೊಂದರಲ್ಲಿ ತಂಗಿತ್ತು. ನಮಗೆ ಗುರುತಿಲ್ಲದ ಹಿರಿಯ ಕುರಿಗಾರನೊಬ್ಬ ಎದ್ದು ಬಂದ.

"ಎಂಥಾ ನಾಯಿರಿ?" ಎಂದು ನನ್ನನ್ನು ಕೇಳಿದ. ನಾನು ಉತ್ತರಿಸುವಷ್ಟರಲ್ಲಿ ರೇಣು ಮುಂದೆ ಬಂದಳು.

"ಕ… ಕ… ಕರೇದು. ಕತಿ ಹೇಳಿದ್ರ ಒಂದು ಕಿವಿ ಎತ್ತತೈತಿ."

ಮುದುಕ ನಗಲಿಲ್ಲ. ನಾಯಿಗಳಲ್ಲಿ ಇದೂ ಒಂದು ಜಾತಿಯೇನೋ ಎಂಬಂತೆ ತಲೆದೂಗಿದ. "ಮುಂಜಾನಿಂದ ಒಂದು ಬಂದೈತ್ಯವ್ವಾ. ನಾವು ಕರದ್ರ ಬರವಲ್ದು. ನೀನ ಕರಿ" ಎಂದ.

ರೇಣು ನೂರಾರು ಕುರಿಗಳ ಬೆನ್ನುಗಳ ಕಡೆ ನೋಡಿದಳು. "ಕಾ… ಕಾ…" ಎಂದಳು. ಹೆಸರು ಅಲ್ಲೇ ನಿಂತಿತು. ನನ್ನ ನಾಲಗೆಯ ತುದಿಗೆ ಅದು ಬಂದಿತ್ತು. ಹಲ್ಲು ಕಚ್ಚಿ ಹಿಡಿದೆ. ಅಷ್ಟರಲ್ಲಿ ಮರಿಗಳ ನಡುವಿನಿಂದ ಒಂದು ಕರಿ ತಲೆ ಎದ್ದಿತು. ಮಣ್ಣು, ಹಿಕ್ಕೆ ಮೆತ್ತಿಕೊಂಡ ಕಾಳ್ಯಾ ಓಡಿಬಂದು ಅವಳನ್ನು ಬೀಳಿಸಿಯೇಬಿಟ್ಟ. ನೆಲದ ಮೇಲೆ ಕೂತು, ಎರಡೂ ಕೈಯಿಂದ ಅವನ ಮುಖ ಹಿಡಿದು, ಇನ್ನು ಕರೆಯುವ ಅಗತ್ಯವೇ ಇಲ್ಲದಿದ್ದರೂ ರೇಣು ಹೆಸರನ್ನು ಪೂರ್ತಿ ಮಾಡಿದಳು. "ಕಾಳ್ಯಾ."

ತೊದಲು ಹೋಯಿತೇ ಎಂದು ಗೆಳೆಯರು ಕೇಳುತ್ತಾರೆ. ಹೋಗಿಲ್ಲ. ಶಾಲೆ ಶುರುವಾದ ಮೇಲೆ ಒಂದು ಸಂಜೆ ಸುಜಾತಾ ಫೋನ್ ಮಾಡಿದಳು.

"ಅಣ್ಣಾ, ಇವತ್ತು ತಾನಽ ಎದ್ದು ಪಾಠ ಓದಿದಳಂತ. ಅವರ ಟೀಚರ್ ಹೇಳಿದ್ರು. ನಡುವ ಸಿಕ್ಕೊಂತಂತ. ಹುಡುಗರು ನಗಾಕ ಹತ್ತಿದ್ರ, 'ತಡೀರಿ, ಬರಾಕತ್ತೈತಿ' ಅಂದಳಂತ."

"ಎಷ್ಟೊತ್ತು ತಡದ್ರು?" ಎಂದೆ.

"ಬರೂತನಕ" ಎಂದಳು ತಂಗಿ.