ಕೊನೆ ಸಾಲು ಓದದೆ ಬಿಸಾಕಿದ್ದು

ಕಂಪ್ಯೂಟರಿನದು ಏನೂ ತಪ್ಪಿಲ್ಲ. ಕೊನೆ ಸಾಲು ಓದದೆ ಸಹಾಯ ಕೇಳಿದ ಒಬ್ಬ ಹೆಂಗಸಿನ ಮಾತನ್ನು ಕಸಕ್ಕೆ ಹಾಕಿಸಿದವಳು ನಾನು. ಮಗಳು ಎಷ್ಟೇ ಸಮಾಧಾನ ಹೇಳಲಿ, ನಡೆದದ್ದು ಇಷ್ಟೇ.

ಹ್ಯೂಸ್ಟನ್‌ಗೆ ಬಿರುಗಾಳಿ ಹೊಡೆದ ಮಾರನೇ ದಿನ. ಅಲ್ಲಿಂದ ಮೂರು ಗಂಟೆ ದಾರಿಯಾಚೆ ನಾವಿರುವ ರೌಂಡ್ ರಾಕ್‌ನಲ್ಲಿ ಸುಡುಬಿಸಿಲು. ಮಗಳು ರಜೆ ಹಾಕಿ, ಗೆಳೆಯರ ಜೊತೆ ಸೇರಿ, ಹ್ಯೂಸ್ಟನ್ ಜನ ಫೋನಿನಲ್ಲಿ ಹಾಕುತ್ತಿದ್ದ ಲಕ್ಷಗಟ್ಟಲೆ ಪೋಸ್ಟುಗಳನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿಯುತ್ತಿದ್ದಳು. ತಮಾಷೆ, ಜಾಹೀರಾತು, ಒಂದನ್ನೇ ನೂರು ಜನ ಕಳಿಸಿದ್ದು, ಎಲ್ಲ ತೆಗೆದರೆ ನಿಜವಾಗಿ ಸಹಾಯ ಕೇಳಿದವರು ಉಳಿಯುತ್ತಾರಂತೆ. ಅವರ ಮನೆಗೆ ಅಲ್ಲಿರುವ ಯಾರನ್ನಾದರೂ ಕಳಿಸುವುದು. ಕಂಪ್ಯೂಟರಿಗೆ ಕನ್ನಡ ಅಷ್ಟಕ್ಕಷ್ಟೆ. ಅನುಮಾನ ಬಂದ ಕನ್ನಡದ್ದನ್ನೆಲ್ಲ ನನ್ನ ಮುಂದಿಟ್ಟಳು.

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಕೆಲಸ ಸಿಕ್ಕಿತೆಂದು ಬೀಗಿದೆ. ಒಂದು ಕಡೆ ಕೂರಲಾಗದೆ ಎದ್ದು ಒಲೆ ನೋಡುವುದು, ಬಂದು ಎರಡು ಸಾಲು ಓದುವುದು, ಮತ್ತೆ ಏಳುವುದು.

“ಅಮ್ಮ, ಇವೆಲ್ಲ ಒಂದೇ ಅಂತಿದೆ ಕಂಪ್ಯೂಟರು. ಹೌದಾ ನೋಡು.”

‘ಬಂಧುಗಳೇ, ನೀರು ತುಂಬಿಡಿ, ಕಿಟಕಿ ಹತ್ತಿರ ನಿಲ್ಲಬೇಡಿ.’ ಮುಂದಿನದೂ ಅದೇ. ಅದರ ಮುಂದಿನದೂ ಅದೇ.

“ಹೂಂ ಕಣೇ, ಒಂದೇ. ಫಾರ್ವರ್ಡ್ ಮಾಡೋರಿಗೆ ಬೇರೆ ಕೆಲಸ ಇಲ್ಲ. ಬಿಸಾಕು.”

“ಎಲ್ಲ ಪೂರ್ತಿ ಓದಿದ್ಯಾ?”

“ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಸಾಕು.”

ಮಧ್ಯಾಹ್ನ ಡಾಲಸ್‌ನಿಂದ ಒಬ್ಬಳು ಮಗಳಿಗೆ ಫೋನ್ ಮಾಡಿದಳು. “ನಮ್ಮ ದೊಡ್ಡಮ್ಮ ಹ್ಯೂಸ್ಟನ್‌ನಿಂದ ಬೆಳಿಗ್ಗೇನೇ ಪೋಸ್ಟ್ ಹಾಕಿದ್ದಾರೆ. ಯಾರೂ ನೋಡೇ ಇಲ್ವಾ?”

ಮಗಳು ಹುಡುಕಿದಳು. ಬಿಸಾಕಿದ ರಾಶಿಯಲ್ಲಿತ್ತು. ಮೇಲೆ ಅದೇ ನೀರು, ಅದೇ ಕಿಟಕಿ. ಕೆಳಗೆ, ಕೊನೆಯಲ್ಲಿ: ‘ನಮ್ಮಲ್ಲಿ ಕರೆಂಟಿಲ್ಲ, ಯಜಮಾನರ ಆಕ್ಸಿಜನ್ ಮಷಿನ್ ಬ್ಯಾಟರಿ ಸಂಜೆವರೆಗೆ ಮಾತ್ರ, ಬೇಗ ಬನ್ನಿ.’ ಜೊತೆಗೆ ವಿಳಾಸ.

ಆಮೇಲಿನ ಎರಡು ಗಂಟೆ ನಾನು ಅಡುಗೆಮನೆಗೂ ಬಾಗಿಲಿಗೂ ಓಡಾಡಿದೆ. ಮಗಳು ಫೋನ್ ಮೇಲೆ ಫೋನ್ ಮಾಡಿದಳು. ಕೊನೆಗೆ ಅವರ ಹಿಂದಿನ ಬೀದಿಯವನೊಬ್ಬ ಜನರೇಟರ್ ಹೊತ್ತುಕೊಂಡು ಹೋದ. ಬ್ಯಾಟರಿ ಇನ್ನೂ ಸ್ವಲ್ಪ ಉಳಿದಿತ್ತು. ಯಜಮಾನರು ಉಳಿದರು. ನನ್ನಿಂದಲ್ಲ.

ಸಂಜೆ ಆ ಹೆಂಗಸಿಗೆ ನಾನೇ ಫೋನ್ ಮಾಡಿ, ತಪ್ಪು ನನ್ನದು ಅಂದೆ. ಆಮೇಲೆ ಸುಮ್ಮನಿರಲಾರದೆ ಕೇಳಿದೆ, “ಅಲ್ರೀ, ಅಂಥಾ ವಿಷಯಾನ ಬೇರೆಯಾಗಿ ಬರೀಬಾರದಿತ್ತಾ?”

“ಹೊಸದು ಶುರು ಮಾಡೋಕೆ ನನಗೆಲ್ಲಿ ಬರುತ್ತೆ? ಯಾರಾದ್ರೂ ಕಳಿಸಿದ್ದಕ್ಕೆ ಕೊನೇಲಿ ನಂದು ಸೇರಿಸಿ ಕಳಿಸ್ತೀನಿ. ನೀವು ಹೇಗೆ ಮಾಡ್ತೀರಾ?”

ನಾನೂ ಹಾಗೇ. ಯುಗಾದಿ ಶುಭಾಶಯದ ಬಾಲಕ್ಕೆ ಮಂಡಿನೋವಿನ ಸುದ್ದಿ ಕಟ್ಟಿ ತಂಗಿಗೆ ಕಳಿಸುವವಳು. ಕಂಪ್ಯೂಟರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕಾಫಿಗೂ ಮುಂಚೆ, ಬಿಸಾಕಿದ ಕನ್ನಡದ್ದನ್ನೆಲ್ಲ ಮಗಳ ಕೈಲಿ ವಾಪಸ್ ತೆಗೆಸಿದೆ. ಕನ್ನಡಕ ಒರೆಸಿಕೊಂಡು, ಒಂದೊಂದನ್ನೂ ಕೊನೆ ಸಾಲಿನಿಂದ ಮೇಲಕ್ಕೆ ಓದತೊಡಗಿದೆ.